ಶಾಮಕ ಔಷಧ ನಂಜು: ಗುರುತು ಮತ್ತು ನಿರ್ಣಯ

ನಿದ್ರೆ ತರಿಸುವ ಅಥವಾ ಆತಂಕ ತಗ್ಗಿಸುವ ಔಷಧಗಳ ಅತಿಸೇವನೆಯಿಂದ ಕೇಂದ್ರ ನರಮಂಡಲ ಮಂಕಾಗುವ ಸ್ಥಿತಿ. ಕಾರಕಗಳಲ್ಲಿ ಡಯಾಜೆಪಾಮ್, ಆಲ್ಪ್ರಜೋಲಾಮ್, ಲೊರಾಜೆಪಾಮ್‌ನಂಥ ಬೆಂಜೊಡಯಜೆಪಿನ್‌ಗಳು, ಜೋಲ್ಪಿಡೆಮ್ ಮತ್ತು ಹಳೆಯ ಬಾರ್ಬಿಟ್ಯುರೇಟ್‌ಗಳು ಮುಖ್ಯ. ಮೊದಲ ಬೆಂಜೊಡಯಜೆಪಿನ್ 1960ರಲ್ಲಿ ಬಳಕೆಗೆ ಬಂತು. ಇವೆಲ್ಲ ಮಿದುಳಿನ ಗಾಬಾ ಎಂಬ ನರವಾಹಕದ ತಡೆ ಪರಿಣಾಮವನ್ನು ಹೆಚ್ಚಿಸುತ್ತವೆ.

ತೊದಲು ಮಾತು, ತೂರಾಡುವ ನಡಿಗೆ, ಕಣ್ಣುಗುಡ್ಡೆಯ ಅದುರಾಟ, ಮರೆವು, ತೂಕಡಿಕೆ ಪ್ರಮುಖ ಲಕ್ಷಣಗಳು. ಬೆಂಜೊಡಯಜೆಪಿನ್ ಒಂದನ್ನೇ ನುಂಗಿದ್ದರೆ ಪ್ರಜ್ಞೆ ತಪ್ಪಿದರೂ ನಾಡಿ, ರಕ್ತದೊತ್ತಡ ಬಹುತೇಕ ಸಹಜ. ಮದ್ಯ ಅಥವಾ ಅಫೀಮು ಜಾತಿಯ ಔಷಧ ಬೆರೆತಿದ್ದರೆ ಉಸಿರಾಟ ಕುಗ್ಗುತ್ತದೆ.

ನಿರ್ಣಯಕ್ಕೆ ಪ್ರಯೋಗಾಲಯಕ್ಕಿಂತ ರೋಗವೃತ್ತಾಂತ, ಖಾಲಿ ಮಾತ್ರೆಪಟ್ಟಿ ಮತ್ತು ದೇಹಪರೀಕ್ಷೆಯೇ ಆಧಾರ. ರಕ್ತದ ಸಕ್ಕರೆಯನ್ನು ಮೊದಲು ನೋಡಲಾಗುತ್ತದೆ. ಮೂತ್ರಪರೀಕ್ಷೆ ಲೊರಾಜೆಪಾಮ್, ಕ್ಲೊನಾಜೆಪಾಮ್‌ಗಳನ್ನು ತಪ್ಪಿಸಿಬಿಡಬಹುದು. ಸಕಾರಾತ್ಮಕ ಫಲಿತಾಂಶವೂ ಸೇವನೆಗೆ ಸಾಕ್ಷಿಯೇ ಹೊರತು ನಂಜಿಗಲ್ಲ. ಪ್ರತ್ಯೌಷಧ ಫ್ಲುಮಾಜೆನಿಲ್ ಬೆಂಜೊಡಯಜೆಪಿನ್ ಅವಲಂಬಿತರಲ್ಲಿ ಸೆಳವು ತರಬಲ್ಲದಾದ್ದರಿಂದ ನಿರ್ಣಯಸಾಧನವಾಗಿ ವಾಡಿಕೆಯಲ್ಲಿಲ್ಲ.

ಕೊಡಗಿನ ಗಡಿಗೆ ಹತ್ತಿರದ, ಕೇರಳದ ತಿರುನೆಲ್ಲಿಯಂಥ ಕಾಡಂಚಿನ ಕೃಷಿಪ್ರದೇಶಗಳಲ್ಲಿ, ಒಂದೇ ಬಗೆಯ ಲಕ್ಷಣ ತೋರುವ ಕಾರಣಗಳನ್ನು ಬೇರ್ಪಡಿಸುವ ಭೇದನಿರ್ಣಯಕ್ಕೆ ವಿಶೇಷ ತೂಕವಿದೆ. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುವ ಕಟ್ಟುಹಾವು ಗಾಯದ ಗುರುತನ್ನೇ ಉಳಿಸದಿರಬಹುದು. ಅದು ಕಚ್ಚಿ ರೆಪ್ಪೆ ಜೋತುಬಿದ್ದು ಮಾತು ತೊದಲುವ ರೋಗಿ ಮಾತ್ರೆ ನುಂಗಿದವನಂತೆಯೇ ಕಾಣುತ್ತಾನೆ, ಆದರೆ ಪಾರ್ಶ್ವವಾಯುವಿನ ಒಳಗೆ ಪ್ರಜ್ಞೆ ಎಚ್ಚರವಾಗಿರಬಹುದು. ಸೂಜಿಮೊನೆಯಷ್ಟು ಕಿರಿದಾದ ಪಾಪೆ, ಜೊಲ್ಲು, ಬೆವರು ಆರ್ಗನೊಫಾಸ್ಫೇಟ್ ಕೀಟನಾಶಕದತ್ತ ಬೊಟ್ಟು ಮಾಡುತ್ತವೆ.

ಭಾರತದಲ್ಲಿ ಆಲ್ಪ್ರಜೋಲಾಮ್, ಡಯಾಜೆಪಾಮ್‌ಗಳು 2014ರ ಮಾರ್ಚ್‌ನಿಂದ ಔಷಧ ನಿಯಮಗಳ ಎಚ್1 ಅನುಸೂಚಿಯಲ್ಲಿದ್ದು, ಔಷಧ ಅಂಗಡಿಗಳು ಮಾರಾಟದ ದಾಖಲೆಯನ್ನು 3 ವರ್ಷ ಇಡಬೇಕು.