ಹೆಗಲಿಗೇರುವ ಗಣಕ, 1991 ಮತ್ತು ಒಂದು ಸಿ.ಡಿ.

ಪಿಎಚ್.ಡಿ. ನಡುವೆ ಲ್ಯಾಪ್‌ಟಾಪ್ ಕೊಳ್ಳಬೇಕಾಗಿ ಬಂದಾಗ ಗೆಳೆಯರು ಕೇಳಿದ್ದು ಎರಡೇ ಪ್ರಶ್ನೆ: ದುಡ್ಡೆಷ್ಟಿದೆ, ವಿಂಡೋಸೋ ಮ್ಯಾಕೋ? ಇತಿಹಾಸದವರಿಗೆ ದೊಡ್ಡ ಯಂತ್ರವೇಕೆ ಎಂಬ ಅನುಮಾನವಂತೂ ಇದ್ದೇ ಇತ್ತು. ನನ್ನ ಬಳಿ ಶಾಸನಗಳ ಸಾವಿರಾರು ಫೋಟೋಗಳಿವೆ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳ ಸ್ಕ್ಯಾನ್ ಪುಟಗಳನ್ನು ಹುಡುಕಬಲ್ಲ ಪಠ್ಯವಾಗಿಸಬೇಕು. ಕ್ಯುಜಿಐಎಸ್‌ನಲ್ಲಿ ವೀರಗಲ್ಲುಗಳ ನಕ್ಷೆ ಬರೆಯಬೇಕು. ಇಷ್ಟೂ ಕೆಲಸ ಹಳ್ಳಿ ಬಸ್ಸಿನಲ್ಲಿ ಹೆಗಲಿಗೇರಿಸಿಕೊಂಡು ಹೋಗುವ ಯಂತ್ರದಲ್ಲೇ ಆಗಬೇಕು.

ಹೆಗಲಿನ ಮಾತು ಬಂತೆಂದು ಹೇಳುತ್ತೇನೆ. ಮಾರುಕಟ್ಟೆಯಲ್ಲಿ ಗೆದ್ದ ಮೊದಲ ಪೋರ್ಟಬಲ್ ಗಣಕ 1981ರ ಆಸ್ಬೋರ್ನ್ 1. ತೂಕ ಸುಮಾರು 11 ಕಿಲೋ, ಪರದೆ 5 ಇಂಚು, ನೆನಪು 64 ಕಿಲೋಬೈಟ್, ಬೆಲೆ 1,795 ಡಾಲರ್. ಹೊಲಿಗೆ ಯಂತ್ರದ ಪೆಟ್ಟಿಗೆಯಂತಿದ್ದ ಅದರೊಳಗೆ ಬ್ಯಾಟರಿ ಇರಲಿಲ್ಲ. ಹೊತ್ತೊಯ್ದಲ್ಲಿ ಪ್ಲಗ್ ಹುಡುಕಬೇಕು. ತಯಾರಿಸಿದ ಆಡಮ್ ಆಸ್ಬೋರ್ನ್ ಬಾಲ್ಯ ಕಳೆದದ್ದು ತಿರುವಣ್ಣಾಮಲೈಯಲ್ಲಿ, ರಮಣ ಮಹರ್ಷಿಗಳ ಅನುಯಾಯಿಯಾಗಿದ್ದ ತಂದೆ ಆರ್ಥರ್ ಅವರೊಂದಿಗೆ. ತೀರಿಕೊಂಡದ್ದು 2003ರಲ್ಲಿ, ಕೊಡೈಕನಾಲಿನಲ್ಲಿ. ಅವರ ಕಂಪನಿ 1983ರಲ್ಲೇ ದಿವಾಳಿಯಾಗಿತ್ತು. ಆ ಪೆಟ್ಟಿಗೆ ಕೊಂಡವರಿಗೆ ಆಪರೇಟಿಂಗ್ ಸಿಸ್ಟಂ ಆಯ್ಕೆಯ ಗೊಡವೆಯಿರಲಿಲ್ಲ. ಸಿಪಿ/ಎಂ, ವರ್ಡ್‌ಸ್ಟಾರ್, ಸೂಪರ್‌ಕ್ಯಾಲ್ಕ್ ಎಲ್ಲವೂ ಜೊತೆಗೇ ಬರುತ್ತಿದ್ದವು.

ಆಯ್ಕೆ ನಿಜವಾಗಿ ಹುಟ್ಟಿದ್ದು 1991ರಲ್ಲಿ ಎಂಬುದು ನನ್ನ ಅಭಿಪ್ರಾಯ. ಆ ಆಗಸ್ಟ್‌ನಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತಾನು ಬರೆಯುತ್ತಿದ್ದ ಸಿಸ್ಟಂ ಬಗ್ಗೆ ಲೋಕಕ್ಕೆ ತಿಳಿಸಿದ. ಅದೇ ಮುಂದೆ ಲಿನಕ್ಸ್ ಆಯಿತು. ಅಕ್ಟೋಬರಿನಲ್ಲಿ ಆಪಲ್‌ನ ಪವರ್‌ಬುಕ್ ಬಂತು. ಕೀಲಿಮಣೆಯನ್ನು ಹಿಂದಕ್ಕೆ ತಳ್ಳಿ ಮುಂದೆ ಅಂಗೈಗೆ ಜಾಗ ಬಿಟ್ಟ ಅದರ ಮೈಕಟ್ಟನ್ನೇ ಇಂದಿನ ಲ್ಯಾಪ್‌ಟಾಪ್‌ಗಳೂ ಹೊತ್ತಿವೆ. ಅದೇ ಅಕ್ಟೋಬರಿನಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಪ್ರಕಟವಾಯಿತು, ಕನ್ನಡಕ್ಕೆ 128 ಮನೆಗಳನ್ನು ಮೀಸಲಿಟ್ಟು. ಹಳಗನ್ನಡದ ೞಕಾರಕ್ಕೂ ಅಲ್ಲೊಂದು ಮನೆಯುಂಟು. ಆದರೆ ಇಂಗ್ಲಿಷಿನಲ್ಲಿ ಅದರ ಹೆಸರು ತಪ್ಪಾಗಿ ‘ಫ’ ಎಂದು ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡ್‌ನ ನಿಯಮವಾದ್ದರಿಂದ ಆ ತಪ್ಪು ಶಾಶ್ವತ. ಕಲ್ಲಿನಲ್ಲಿ ತಪ್ಪಾಗಿ ಕೊರೆದ ಅಕ್ಷರಗಳನ್ನು ನೋಡಿ ರೂಢಿಯಿರುವ ನಮಗೆ ಇದು ಹೊಸದೇನಲ್ಲ!

ಆದರೆ ವಿಂಡೋಸ್ ತನ್ನೊಳಗೇ ಯೂನಿಕೋಡ್ ಕನ್ನಡವನ್ನು ತಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನೊಂದಿಗೆ. ನಡುವಿನ ಹತ್ತು ವರ್ಷ ನಾವೇನು ಬರೆಯದೆ ಕೂತಿದ್ದೆವೇ? ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ನಮ್ಮನ್ನು ನಡೆಸಿದವು. ಆಗಿನ ಉಪಾಯ ಇಷ್ಟೇ: ರೋಮನ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುವುದು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ.

ನನ್ನ ಗುರುಗಳು ಕೊಟ್ಟ ಸಿ.ಡಿ.ಯಲ್ಲಿರುವುದು ಇಂಥದೇ ರಾಶಿ. ಆ ಕಾಲದಲ್ಲಿ ಊರೂರು ತಿರುಗಿ ಮಾಡಿಕೊಂಡ ವೀರಗಲ್ಲು ಟಿಪ್ಪಣಿಗಳು. ಅವುಗಳಲ್ಲಿ ಕೆಲವು ಕಲ್ಲುಗಳು ರಸ್ತೆ ಅಗಲೀಕರಣದಲ್ಲಿ ಹೋಗಿವೆ. ಈಗ ಆ ಪಾಠ ಉಳಿದಿರುವುದು ಈ ಕಡತಗಳಲ್ಲಿ ಮಾತ್ರ. ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶಗಳಿವೆ, ನಿಜ. ಆದರೆ ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂರುತ್ತದೆ; ಯೂನಿಕೋಡ್‌ನಲ್ಲಿ ಉಚ್ಚಾರದಂತೆ ಮೊದಲು ರಕಾರ. ‘ಸೂರ್ಯ’ದಂಥ ಪದದಲ್ಲಿ ರೇಫವನ್ನು ಕಿತ್ತು ಹಿಂದಕ್ಕೆ ತಂದು ನೆಡಬೇಕು. ವ್ಯಂಜನದ ಮೇಲೆ ವ್ಯಂಜನ ಬಿದ್ದ ಕಡೆ ಪರಿವರ್ತಕ ಎಡವುತ್ತದೆ. ವೀರನ ಹೆಸರಿನಲ್ಲಿ ಒಂದು ಒತ್ತು ಜಾರಿದರೂ ಬೇರೊಬ್ಬ ವೀರ ಹುಟ್ಟಿಬಿಡುತ್ತಾನೆ.

ಹಾಗಾಗಿ ಲೆಕ್ಕ ಬೇರೆಯಾಯಿತು. ಅಕ್ಷರ ಗುರುತಿಸುವ ಟೆಸರ್ಯಾಕ್ಟ್ ದುಡಿಯುವುದು ಪ್ರೊಸೆಸರ್ ಮೇಲೆ. ದುಬಾರಿ ಗ್ರಾಫಿಕ್ಸ್ ಕಾರ್ಡಿಗೆ ಸುರಿಯುವ ಹಣವನ್ನು ಹೆಚ್ಚು ಕೋರ್‌ಗಳಿಗೂ 32 ಜಿಬಿ ರ್ಯಾಮ್‌ಗೂ ಕೊಡುವುದು ಮೇಲು. ಮ್ಯಾಕ್‌ನ ಬ್ಯಾಟರಿ ಆಸೆ ಹುಟ್ಟಿಸಿತು, ಆದರೆ ಫೆಲೋಶಿಪ್ ಹಣಕ್ಕೆ ಎಟುಕಲಿಲ್ಲ. ರ್ಯಾಮ್, ಡಿಸ್ಕ್ ಎರಡನ್ನೂ ಸ್ಕ್ರೂಡ್ರೈವರ್ ಹಿಡಿದು ನಾನೇ ಬದಲಿಸಬಹುದಾದ ಸೆಕೆಂಡ್ ಹ್ಯಾಂಡ್ ಯಂತ್ರವೊಂದನ್ನು ಕೊಂಡೆ. ಲಿನಕ್ಸ್ ಹಾಕಿದೆ. ಇಡೀ ಸಂಪುಟವನ್ನು ಒಂದೇ ಆದೇಶಕ್ಕೆ ಒಪ್ಪಿಸಿ ಮಲಗಬಹುದು, ಬೆಳಗ್ಗೆ ಪಠ್ಯ ಸಿದ್ಧವಿರುತ್ತದೆ. ಜರಡಿ ಹಿಡಿಯುವ ಕೆಲಸವಂತೂ ನನ್ನದೇ.

ವಿಂಡೋಸನ್ನು ಪೂರ್ತಿ ಬಿಟ್ಟಿಲ್ಲ. ಅದೇ ಡಿಸ್ಕಿನ ಮೂಲೆಯೊಂದರಲ್ಲಿ, ವರ್ಚುವಲ್ ಯಂತ್ರದೊಳಗೆ, ಹಳೆಯ ಫಾಂಟುಗಳೊಂದಿಗೆ ಇಟ್ಟುಕೊಂಡಿದ್ದೇನೆ. ಎಡಗಡೆ ಗುರುಗಳ ಕಡತ ಅವರು ಬರೆದಾಗ ಕಂಡಂತೆ, ಬಲಗಡೆ ಪರಿವರ್ತಿಸಿದ ಪಠ್ಯ. ಸಾಲುಸಾಲಾಗಿ ಹೋಲಿಸುತ್ತ ಬಂದಿದ್ದೇನೆ. ಎರಡು ಊರುಗಳ ಕಡತಗಳಲ್ಲಿ ಬಳಸಿದ ಫಾಂಟ್ ಮಾತ್ರ ಯಾವುದೆಂದು ಇನ್ನೂ ಪತ್ತೆಯಾಗಿಲ್ಲ.