ಗಾಳಿಯ ತೂಕ

ಕನಕಪುರದ ಸುತ್ತಿನ ಕಲ್ಲುಗಣಿಗಳಲ್ಲಿ ಗ್ರಾನೈಟ್ ದಿಮ್ಮಿಗಳನ್ನು ಮೇಲೆತ್ತುವ ಡೆರಿಕ್ ಕ್ರೇನನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಡೆರಿಕ್ ಎಂಬವನು ನಾನೂರು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಅಪರಾಧಿಗಳನ್ನು ನೇಣಿಗೇರಿಸುತ್ತಿದ್ದವನು. ಅವನ ಹೆಸರು ಮೊದಲು ಗಲ್ಲುಗಂಬಕ್ಕೆ, ಆಮೇಲೆ ಈ ಯಂತ್ರಕ್ಕೆ ಅಂಟಿತು. ಶುಭನಾಮವೇನಲ್ಲ, ಇರಲಿ.

ಘನ ಮೀಟರಿಗೆ ಸುಮಾರು 2.7 ಟನ್ ತೂಗುವ ಕಲ್ಲನ್ನು ಆಷಾಢದ ಗಾಳಿ ಏನು ಮಾಡೀತು ಎಂದು ಕೇಳುವವರುಂಟು. ಬಲ್ಲವರೂ ಗಾಳಿಯನ್ನು ಹೀಗೆಯೇ ಹಗುರವಾಗಿ ಎಣಿಸಿದ್ದರು. 1879ರ ಡಿಸೆಂಬರ್ 28ರ ರಾತ್ರಿ ಸ್ಕಾಟ್ಲೆಂಡಿನ ಟೇ ನದಿಯ ರೈಲು ಸೇತುವೆ ಬಿರುಗಾಳಿಗೆ ಕುಸಿಯಿತು. ಮೇಲೆ ಹೋಗುತ್ತಿದ್ದ ಗಾಡಿಯಲ್ಲಿದ್ದವರಲ್ಲಿ ಒಬ್ಬರೂ ಬದುಕಲಿಲ್ಲ. ಗಾಳಿಯ ಒತ್ತಡಕ್ಕೆಂದು ತಾನು ಪ್ರತ್ಯೇಕ ಲೆಕ್ಕ ಹಿಡಿದಿರಲಿಲ್ಲವೆಂದು ಸೇತುವೆಯ ಶಿಲ್ಪಿ ಸರ್ ಥಾಮಸ್ ಬೌಚ್ ವಿಚಾರಣೆಯಲ್ಲಿ ಹೇಳಬೇಕಾಯಿತು. ಬ್ರಿಟನ್ನಿನ ರೈಲು ಸೇತುವೆಗಳು ಚದರ ಅಡಿಗೆ 56 ಪೌಂಡ್ ಒತ್ತಡವನ್ನು ತಾಳಬೇಕೆಂಬ ಕಟ್ಟಳೆ ಬಂದದ್ದು ಆ ಮೇಲೆ.

ಕ್ರೇನುಗಳ ಮಟ್ಟಿಗೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 4302ನೆಯ ಮಾನಕ ಹೊರಬಿದ್ದದ್ದು 1981ರಲ್ಲಿ. ಅದು ಗಾಳಿಯನ್ನು ಎರಡಾಗಿ ವಿಂಗಡಿಸುತ್ತದೆ: ಕ್ರೇನು ಕೆಲಸಮಾಡುತ್ತಿರುವಾಗಿನ ಗಾಳಿ, ಕೆಲಸ ನಿಲ್ಲಿಸಿ ಸುಮ್ಮನೆ ನಿಂತಿರುವಾಗಿನ ಗಾಳಿ. ಬಯಲಿನಲ್ಲಿ ನಿಲ್ಲುವ ಸಾಮಾನ್ಯ ಕ್ರೇನಿಗೆ ಮೊದಲನೆಯದರ ಮಿತಿ ಸೆಕೆಂಡಿಗೆ 20 ಮೀಟರು, ಅಂದರೆ ಗಂಟೆಗೆ 72 ಕಿಲೋಮೀಟರು. ಆಗ ಚದರ ಮೀಟರಿನ ಮೇಲೆ ಬೀಳುವ ಒತ್ತಡ ಸುಮಾರು 25 ಕಿಲೋಗ್ರಾಂ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿಯಾಗುತ್ತದೆ. ಕಟ್ಟಡಗಳಿಗಾಗಿ ಭಾರತೀಯ ಮಾನಕ 875 ಬೆಂಗಳೂರಿಗೆ ಗೊತ್ತುಮಾಡಿರುವ ಮೂಲವೇಗ 33 ಮೀಟರು. ಅಂಥ ಗಾಳಿಯಲ್ಲಿ ಎತ್ತುವ ಮಾತಿಲ್ಲ. ಕ್ರೇನು ಬೀಳದೆ ನಿಂತರೆ ಸಾಕು.

ದಿಮ್ಮಿಯಾಗಿರುವ ತನಕ ಕಲ್ಲು ಗಾಳಿಗೆ ಜಗ್ಗದು, ನಿಜ. ಅದನ್ನೇ ಎರಡು ಸೆಂಟಿಮೀಟರು ದಪ್ಪದ, ಮೂರು ಮೀಟರು ಉದ್ದ ಎರಡು ಮೀಟರು ಅಗಲದ ಹಲಗೆಯಾಗಿ ಸೀಳಿ ತೂಗುಬಿಟ್ಟರೆ? ತೂಕ ಸುಮಾರು 325 ಕಿಲೋ; ಆ 72 ಕಿಲೋಮೀಟರಿನ ಗಾಳಿ ಎದುರಿನಿಂದ ಬಂದರೆ ನೂಕುವ ಬಲ 150 ಕಿಲೋ! ಕಲ್ಲು ಹಾಯಿಯಾಗುತ್ತದೆ. 1999ರ ಜುಲೈ 14ರಂದು ಅಮೆರಿಕದ ಮಿಲ್ವಾಕಿಯಲ್ಲಿ ಕ್ರೀಡಾಂಗಣದ ಚಾವಣಿಯ 400 ಟನ್ನಿಗೂ ಮಿಕ್ಕಿದ ತುಂಡನ್ನು ಎತ್ತುತ್ತಿದ್ದ ಭಾರೀ ಕ್ರೇನು ಬಿದ್ದು ಮೂವರು ಕೆಲಸಗಾರರು ಸತ್ತದ್ದಕ್ಕೆ ಇದೇ ಕಾರಣ. ಕ್ರೇನಿನ ಮೇಲೆ ಬೀಳುವ ಗಾಳಿಯನ್ನು ಲೆಕ್ಕಹಾಕಿದ್ದರು. ಎತ್ತಿದ ಚಾವಣಿಯ ಮೇಲಿನದನ್ನು ಹಾಕಿರಲಿಲ್ಲ.

ಎರಡನೆಯ ಬಗೆಯ ಗಾಳಿಯನ್ನು ಜನ ಇನ್ನೂ ಸುಲಭವಾಗಿ ಮರೆಯುತ್ತಾರೆ. ಕೆಲಸವೇ ನಿಂತಿರುವಾಗ ಅಪಾಯವೆಲ್ಲಿಯದು ಎಂಬ ಭಾವನೆ. 2015ರ ಸೆಪ್ಟೆಂಬರ್ 11ರಂದು ಮೆಕ್ಕಾದ ಮಸೀದಿಯ ಮೇಲೆ ಉರುಳಿ ನೂರಕ್ಕೂ ಹೆಚ್ಚು ಮಂದಿಯನ್ನು ಕೊಂದ ಕ್ರೇನು ಆಗ ಏನನ್ನೂ ಎತ್ತುತ್ತಿರಲಿಲ್ಲ. ಕೆಲಸವಿಲ್ಲದಾಗ ತೋಳನ್ನು ಇಳಿಸಿಡಬೇಕೆಂದು ತಯಾರಕರು ಹೇಳಿದ್ದರು; ಅದು ಎತ್ತಿದ ಹಾಗೆಯೇ ಇತ್ತು.