ಕಲ್ಲಲ್ಲೂ ಹಿಮದಲ್ಲೂ ಉಳಿದ ಹಾವಸೆ

ಹಾವಸೆಗೆ ನಿಜವಾದ ಬೇರಿಲ್ಲ, ಮರಕ್ಕಿರುವ ಗಟ್ಟಿ ನಾರಿಲ್ಲ. ಬಹುತೇಕ ಜಾತಿಗಳಲ್ಲಿ ಎಲೆಯ ದಪ್ಪ ಒಂದೇ ಒಂದು ಜೀವಕೋಶದಷ್ಟು. ಇಂಥ ಮೆತ್ತನೆಯ ಗಿಡ ಪಳೆಯುಳಿಕೆಯಾಗಿ ಉಳಿಯುವುದು ಅಪರೂಪ ಎಂದು ವಿಜ್ಞಾನಿಗಳು ಬಹುಕಾಲ ಭಾವಿಸಿದ್ದರು. ಜರೀಗಿಡಗಳ, ಮರಗಳ ಚರಿತ್ರೆ ವಿಸ್ತಾರವಾಗಿ ಬೆಳೆದರೂ ಹಾವಸೆಯದು ಹಿಂದೆ ಉಳಿಯಿತು.

ಅದಕ್ಕೊಂದು ತಿರುವು ಕೊಟ್ಟವರು ಸೋವಿಯತ್ ವಿಜ್ಞಾನಿ ಮಾರಿಯಾ ನೇಯ್‌ಬುರ್ಗ್. ಪರ್ಮಿಯನ್ ಕಾಲದ, ಅಂದರೆ 25 ಕೋಟಿ ವರ್ಷಕ್ಕೂ ಹಳೆಯ ಶಿಲಾಸ್ತರಗಳಲ್ಲಿ ಸಿಕ್ಕ ಹಾವಸೆಗಳ ಇಡೀ ಸಮೂಹವನ್ನೇ ಅವರು 1960ರಲ್ಲಿ ವಿವರಿಸಿದರು. ಅವುಗಳಲ್ಲಿ ಕೆಲವು, ಇಂದು ಉತ್ತರದ ಜೌಗುಗಳಲ್ಲಿ ಪೀಟ್ ಎಂಬ ಅರೆಕೊಳೆತ ಸಸ್ಯಪದರ ಕಟ್ಟುವ ಸ್ಫ್ಯಾಗ್ನಮ್ ಹಾವಸೆಗೆ ನೆಂಟರಂತೆ ಕಂಡವು. 2012ರಲ್ಲಿ ಪೂರ್ವ ಜರ್ಮನಿಯ ಸುಮಾರು 33 ಕೋಟಿ ವರ್ಷ ಹಳೆಯ ಸ್ತರಗಳಿಂದ ಹಾವಸೆಯ ತುಣುಕುಗಳು ಹೊರಬಂದವು. ಬಂಡೆಯನ್ನು ರಾಸಾಯನಿಕದಲ್ಲಿ ಕರಗಿಸಿ, ಉಳಿದ ಚೂರುಗಳನ್ನು ಸೂಕ್ಷ್ಮದರ್ಶಕದಡಿ ನೋಡಿದ ಫಲ ಅದು. ಬರಿಗಣ್ಣಿಗೆ ಕಾಣುವಷ್ಟನ್ನೇ ಹುಡುಕುತ್ತಿದ್ದುದೂ ಪಳೆಯುಳಿಕೆಗಳ ಹಳೆಯ ಕೊರತೆಗೆ ಒಂದು ಕಾರಣ.

ಯಾವುದು ಎಲ್ಲಕ್ಕಿಂತ ಹಳೆಯದು ಎಂಬ ಹುಡುಕಾಟ ರೋಚಕವೇ. ಆದರೆ ಈ ಕ್ಷೇತ್ರದ ನಿಜವಾದ ಸಂಪತ್ತು ಇನ್ನೊಂದು ಪ್ರಶ್ನೆಯಲ್ಲಿದೆ ಎಂದು ನನಗನ್ನಿಸುತ್ತದೆ: ಈ ಗಿಡ ಬೆಳೆದಾಗ ಆ ನೆಲ ಹೇಗಿತ್ತು? ಹಾವಸೆ ನೀರನ್ನು ಬಹುಮಟ್ಟಿಗೆ ಮೈಯಿಂದಲೇ ಹೀರುತ್ತದೆ. ಹಲವು ಜಾತಿಗಳು ತಮಗೆ ಬೇಕಾದ ಒದ್ದೆ, ನೆರಳು, ಆಮ್ಲತೆ ಇಲ್ಲದ ಕಡೆ ಬೆಳೆಯವು. ಹತ್ತಿರದ ಕಾಲದ ಪಳೆಯುಳಿಕೆಗಳನ್ನು ಇಂದೂ ಬದುಕಿರುವ ಜಾತಿಯ ಹೆಸರಿನಿಂದಲೇ ಗುರುತಿಸಬಹುದು. ಹಾಗಾಗಿ ಅವುಗಳ ಸಾಕ್ಷ್ಯ ನಿಖರ.

ಇದನ್ನು ಅಂಟಾರ್ಕ್ಟಿಕಾದಷ್ಟು ಸ್ಪಷ್ಟವಾಗಿ ತೋರಿಸಿದ ಜಾಗ ಇನ್ನೊಂದಿಲ್ಲ. ಅಲ್ಲಿನ ಒಣ ಕಣಿವೆಗಳ ಸೀಮೆ ಇಂದು ಭೂಮಿಯ ಅತ್ಯಂತ ಶುಷ್ಕ, ಶೀತಲ ಮರುಭೂಮಿಗಳಲ್ಲೊಂದು. ವಿಜ್ಞಾನಿಗಳಾದ ಆಡಮ್ ಲೂಯಿಸ್, ಆಲನ್ ಆಶ್‌ವರ್ತ್ ಮತ್ತು ಸಂಗಡಿಗರು ಅಲ್ಲಿನ ಒಲಿಂಪಸ್ ಪರ್ವತಸಾಲಿನಲ್ಲಿ ಪುರಾತನ ಸರೋವರವೊಂದರ ತಳವನ್ನು ಅಗೆದು, 2008ರಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ಸಿಕ್ಕಿದ್ದು ಕಲ್ಲಾದ ಅಚ್ಚಲ್ಲ. ಚಳಿಯಲ್ಲಿ ಒಣಗಿ, ಅಂಗಾಂಶ ಹಾಗೇ ಉಳಿದ ಡ್ರೆಪನೊಕ್ಲಾಡಸ್ ಹಾವಸೆ! ಜೊತೆಗೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು, ಆಸ್ಟ್ರಕಾಡ್ ಎಂಬ ಸಣ್ಣ ಚಿಪ್ಪುಜೀವಿಗಳು. ಈ ಹಾವಸೆ ನೀರಲ್ಲಿ ಬೆಳೆಯುವಂಥದ್ದು. ಅಂದರೆ ಬೇಸಿಗೆಯಲ್ಲಿ ಅಲ್ಲಿ ಹಿಮ ಕರಗಿ, ಸರೋವರ ತುಂಬಿ, ದಡದ ಸುತ್ತ ಟಂಡ್ರಾ, ಅಂದರೆ ಮರಗಳಿಲ್ಲದ ಶೀತಸೀಮೆಯ ಕುರುಚಲು ಹಸಿರು, ಇತ್ತು. ಜ್ವಾಲಾಮುಖಿ ಬೂದಿಯ ಪದರಗಳು ಕಾಲವನ್ನೂ ಹೇಳಿದವು: ಸುಮಾರು 1 ಕೋಟಿ 40 ಲಕ್ಷ ವರ್ಷ ಹಿಂದೆ. ಅಲ್ಲಿಂದಾಚೆ ಸುಮಾರು ಎರಡು ಲಕ್ಷ ವರ್ಷಗಳಲ್ಲಿ ಬೇಸಿಗೆಯ ಸರಾಸರಿ ತಾಪ ಕನಿಷ್ಠ 8 ಡಿಗ್ರಿ ಸೆಲ್ಸಿಯಸ್ ಇಳಿಯಿತು. ಟಂಡ್ರಾ ಅಳಿಯಿತು, ಮತ್ತೆ ಮರಳಲಿಲ್ಲ.

ಭೂಮಿಯ ಇನ್ನೊಂದು ತುದಿಯ ಸುದ್ದಿ ಹತ್ತಿರದ ಕಾಲದ್ದು. ಗ್ರೀನ್‌ಲ್ಯಾಂಡಿನ ಕ್ಯಾಂಪ್ ಸೆಂಚುರಿ ಎಂಬ ಅಮೆರಿಕನ್ ಸೇನಾ ನೆಲೆಯಲ್ಲಿ 1966ರಲ್ಲಿ ಸುಮಾರು 1.4 ಕಿಲೋಮೀಟರ್ ಹಿಮವನ್ನು ಕೊರೆದು ಅಡಿಯ ಮಣ್ಣನ್ನು ಎತ್ತಿದ್ದರು. ಆ ಮಣ್ಣು ದಶಕಗಳ ಕಾಲ ಯಾರ ಗಮನಕ್ಕೂ ಬೀಳದೆ ಶೈತ್ಯಾಗಾರದಲ್ಲಿತ್ತು. 2017ರಲ್ಲಿ ಮತ್ತೆ ಕೈಗೆ ಸಿಕ್ಕ ಮೇಲೆ ಅದರಲ್ಲಿ ಕಡ್ಡಿಚೂರು, ಎಲೆ, ಹಾವಸೆ ಕಂಡವು. 2023ರ ಅಧ್ಯಯನದ ಪ್ರಕಾರ ಆ ಜಾಗ ಸುಮಾರು 4,16,000 ವರ್ಷಗಳ ಹಿಂದೆ ಹಿಮವಿಲ್ಲದೆ ತೆರೆದಿತ್ತು. ಅಷ್ಟು ಕರಗಬೇಕಾದರೆ ಸಮುದ್ರಮಟ್ಟಕ್ಕೆ ಕನಿಷ್ಠ 1.4 ಮೀಟರ್ ಸೇರಿರಬೇಕು. ಆಗ ಗಾಳಿಯಲ್ಲಿದ್ದ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ ಸುಮಾರು 280 ಭಾಗ. ಈಗ ಅದು 420ನ್ನು ದಾಟಿದೆ.